ಸಹಾಯ ಬೇಕು: ವೆನಿಸ್‌ನ ನಗರದೃಶ್ಯ ಚಿತ್ರಗಳು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಚಿತ್ರಕಲಾ ಬಳಗದಲ್ಲಿ ವೆನಿಸ್‌ನ ನಗರದೃಶ್ಯ ಚಿತ್ರಗಳ ಬಗ್ಗೆ ಮಾತಾಡಬೇಕಿದೆ. ಸ್ಥೂಲ ಕಥೆ ಕೈಯಲ್ಲಿದೆ. 1496ರಲ್ಲಿ ಚಿತ್ರಕಾರ ಜೆಂಟೀಲೆ ಬೆಲ್ಲೀನಿ ಅಲ್ಲಿನ ಸೇಂಟ್ ಮಾರ್ಕ್ ಚೌಕವನ್ನು ಬರೆದದ್ದು ಮೆರವಣಿಗೆಯ ನೆಪದಲ್ಲಿ. 1703ರಲ್ಲಿ ಕಾರ್ಲೆವಾರೀಸ್ ನೂರಕ್ಕೂ ಹೆಚ್ಚು ಅಚ್ಚುಚಿತ್ರ ಹೊರತಂದಾಗ ಊರೇ ವಸ್ತುವಾಯಿತು. ಆಮೇಲೆ ಬಂದವನು ವೆನಿಸ್ಸಿನವನೇ ಆದ ಚಿತ್ರಕಾರ ಕನಲೆಟ್ಟೊ. ಅವನ ಗಿರಾಕಿಗಳು ಹೆಚ್ಚಾಗಿ ಪ್ರವಾಸ ಬಂದ ಇಂಗ್ಲಿಷ್ ಸಿರಿವಂತರು. ಯುದ್ಧದಿಂದ ಅವರು ಬರುವುದು ಕಡಿಮೆಯಾದಾಗ 1746ರಲ್ಲಿ ಅವನೇ ಲಂಡನ್ನಿಗೆ ಹೊರಟ!

ನನಗೆ ಹೆಚ್ಚು ಇಷ್ಟ ಅವನ 'ಕಲ್ಲುಕುಟಿಗರ ಅಂಗಳ'. ಉತ್ಸವದ ಗದ್ದಲವಿಲ್ಲ, ಕಲ್ಲು ಕೆತ್ತುವವರು, ಒಣಹಾಕಿದ ಬಟ್ಟೆ, ಮುಗ್ಗರಿಸಿ ಬಿದ್ದ ಮಗು, ಅದರತ್ತ ಓಡುವ ತಾಯಿ. ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯದು. ಅಲ್ಲಿರುವ ಕನ್ನಡಿಗರು ಯಾರಾದರೂ ನೋಡಿದ್ದರೆ, ಆ ಮಗುವಿನ ಮೂಲೆಯ ಫೋಟೊ ಇದ್ದರೆ ದಯವಿಟ್ಟು ಹಾಕಿ.

ಇನ್ನೊಂದು ಕೋರಿಕೆ. ಕನಲೆಟ್ಟೊ ಕ್ಯಾಮೆರಾ ಆಬ್ಸ್‌ಕ್ಯೂರಾ (ಹೊರಗಿನ ದೃಶ್ಯದ ಬಿಂಬವನ್ನು ಹಾಳೆಯ ಮೇಲೆ ಬೀಳಿಸುವ ಕತ್ತಲೆ ಡಬ್ಬ) ಎಷ್ಟು ಬಳಸಿದ ಎಂಬ ಬಗ್ಗೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ, ಅದು ಇರಲಿ. ಮಕ್ಕಳಿಗೆ ತೋರಿಸಲು ರಟ್ಟಿನ ಡಬ್ಬ, ಭೂತಗನ್ನಡಿ, ಓರೆಯಾಗಿಟ್ಟ ಕನ್ನಡಿ, ಟ್ರೇಸಿಂಗ್ ಪೇಪರ್ ಇಟ್ಟು ಅಂಥದೊಂದನ್ನು ಮಾಡಬೇಕೆಂದಿದ್ದೇನೆ. ಮಾಡಿದ ಅನುಭವವಿರುವವರು ಭೂತಗನ್ನಡಿಗೂ ಪೇಪರಿಗೂ ಎಷ್ಟು ಅಂತರ ಬಿಡಬೇಕು, ಹಗಲಲ್ಲಿ ಬಿಂಬ ಮಸುಕಾಗದಂತೆ ಏನು ಮಾಡಬೇಕು ತಿಳಿಸಿ.