ಕಾವೇರಿ ವಿಷಯಕ್ಕೆ ‘ಡಿಸ್ಪ್ಯೂಟ್’ ಬಿಟ್ಟು ಬೇರೆ ಇಂಗ್ಲಿಷ್ ಪದ ಹೇಳಿ

ಕುವೆಂಪುನಗರದಮ್ಮ: ಮಗಳು ಸೆಕೆಂಡ್ ಪಿಯುಸಿ. ಕಾವೇರಿ ನೀರಿನ ಬಗ್ಗೆ ಇಂಗ್ಲಿಷ್ ಪ್ರಬಂಧ ಬರೆದಿದ್ದಾಳೆ. ಸಾಲುಸಾಲಿಗೂ ‘ಡಿಸ್ಪ್ಯೂಟ್’. ಬೇರೆ ಪದ ಹಾಕು ಅಂದಿದ್ದಾರಂತೆ ಮೇಡಂ. ಕಾನ್‌ಫ್ಲಿಕ್ಟ್, ಕ್ವಾರೆಲ್, ಫ್ಯೂಡ್, ರೋ, ಡಿಸ್‌ಅಗ್ರಿಮೆಂಟ್ ಅಂತ ಮೊಬೈಲ್ ತೋರಿಸುತ್ತಿದೆ. ಯಾವುದು ಸರಿ?

ವಿವಿ ಮೊಹಲ್ಲಾ ವಕೀಲ: ಯಾವುದೂ ಬೇಡ. 1956ರ ಅಂತರರಾಜ್ಯ ನದಿ ನೀರಿನ ಕಾಯ್ದೆಯ ಹೆಸರಿನಲ್ಲೇ ಡಿಸ್ಪ್ಯೂಟ್ ಇದೆ. ಸಂವಿಧಾನದ 262ನೇ ವಿಧಿಯಲ್ಲೂ ಅದೇ ಪದ. ಇಬ್ಬರು ಹಕ್ಕು ಕೇಳಿ, ಮೂರನೆಯವರು ತೀರ್ಪು ಕೊಡುವಂಥದ್ದು ಡಿಸ್ಪ್ಯೂಟ್. ಕ್ವಾರೆಲ್ ಅಂದರೆ ಬೀದಿ ನಲ್ಲಿ ಹತ್ತಿರ ಕೊಡ ಹಿಡಿದು ಆಡುವ ಜಗಳ.

ಪಾಂಡವಪುರದ ಹೈದ: ನಲ್ಲಿ ಜಗಳವಂತೆ! ನೀವು ನಲ್ಲಿ ತಿರುಗಿಸಿದರೆ ನೀರು ಬರುತ್ತೆ, ಅದಕ್ಕೇ ಹಗುರವಾಗಿ ಮಾತಾಡ್ತೀರಿ. 1991ರ ಡಿಸೆಂಬರ್‌ನಲ್ಲಿ ಕಾವೇರಿ ಟ್ರಿಬ್ಯುನಲ್‌ನ ಮಧ್ಯಂತರ ಆದೇಶ ಗೆಜೆಟ್‌ಗೆ ಬಂದಾಗ ಗಲಭೆಯಾಗಿ ಜನ ಸತ್ತರು. 2016ರಲ್ಲಿ ಬಸ್ಸು ಸುಟ್ಟರು. ಕಾನ್‌ಫ್ಲಿಕ್ಟ್ ಅಂತ ಬರೆಸಿ ಅಕ್ಕ.

ವಿವಿ ಮೊಹಲ್ಲಾ ವಕೀಲ: ಬಸ್ಸು ಸುಟ್ಟರೆ ಅದು ರಯಟ್. ಆಗ ಇದ್ದ ಐಪಿಸಿ ಓದಿ.

ಹಳೇ ಸಬ್‌ಎಡಿಟರ್: ಇಂಗ್ಲಿಷ್ ಪೇಪರಿನವರಿಗೆ ಆರ್-ಓ-ಡಬ್ಲ್ಯೂ, ಮೂರಕ್ಷರದ ‘ರೌ’ ಅಂದರೆ ಪ್ರೀತಿ. ಒಂದೇ ಕಾಲಂ ಹೆಡ್ಡಿಂಗಿನಲ್ಲಿ ಕೂರುತ್ತೆ. ಕಾನ್‌ಫ್ಲಿಕ್ಟ್‌ಗೆ ಎಂಟಕ್ಷರ, ಎಲ್ಲಿ ತುರುಕೋದು? ಆದರೆ ಪ್ರಬಂಧಕ್ಕೆ ಅದು ಸ್ವಲ್ಪ ಚೀಪ್. ಅಂದ ಹಾಗೆ ಅಮ್ಮ, ಅದು ‘ರೋ’ ಅಲ್ಲ, ‘ರೌ’. ಕೌ, ನೌ ಇದ್ದ ಹಾಗೆ. ‘ರೋ’ ಅಂದರೆ ಸಾಲು.

ಪಾಂಡವಪುರದ ಹೈದ: ರೌ? ಹುಟ್ಟಿದಾಗಿಂದ ಟಿವಿಯಲ್ಲಿ ‘ಕಾವೇರಿ ರೋ’ ಅಂತಲೇ ಕೇಳಿದ್ದೀನಿ. ಒಂದೇ ಸ್ಪೆಲಿಂಗು, ಎರಡು ಉಚ್ಚಾರ ಹೇಗೆ ಬರುತ್ತೆ?

ಹಳೇ ಸಬ್‌ಎಡಿಟರ್: ಬಿ-ಓ-ಡಬ್ಲ್ಯೂ ನೋಡಿ. ಬಿಲ್ಲು ಅಂತಾದರೆ ಬೋ, ತಲೆ ಬಗ್ಗಿಸೋದಾದರೆ ಬೌ.

ಪಾಂಡವಪುರದ ಹೈದ: ತಲೆ ಬಗ್ಗಿಸೋದು ಅಂತ ಯಾರಿಗೆ ಹೇಳ್ತಿದ್ದೀರಿ ಸ್ವಾಮಿ? ಮಂಡ್ಯ ಜಿಲ್ಲೆಯವರು ಯಾರಿಗೂ ಬಗ್ಗಿಸಿಲ್ಲ.

ಸರಸ್ವತೀಪುರಂ ಸುಮಾ: ಈಗಷ್ಟೇ ಡಿಕ್ಷನರಿ ಆಪ್‌ನಲ್ಲಿ ಒತ್ತಿ ಕೇಳಿದೆ. ಸ್ಪಷ್ಟವಾಗಿ ‘ರೋ’ ಅಂತು.

ಹಳೇ ಸಬ್‌ಎಡಿಟರ್: ನೀವು ಒತ್ತಿದ್ದು ಸಾಲು ಅನ್ನೋ ಅರ್ಥದ ಮುಂದೆ. ಕೆಳಗೆ ಹೋಗಿ. ಜಗಳದ ಅರ್ಥಕ್ಕೆ ಬೇರೆ ಸ್ಪೀಕರ್ ಗುರುತು ಇರುತ್ತೆ.

ಸರಸ್ವತೀಪುರಂ ಸುಮಾ: ಅದು ಬ್ರಿಟಿಷರದ್ದು. ಅಮೆರಿಕದಲ್ಲಿ ರೋ.

ಹಳೇ ಸಬ್‌ಎಡಿಟರ್: ಅಮೆರಿಕದವರು ಜಗಳಕ್ಕೆ ಆ ಪದ ಬಳಸೋದೇ ಕಮ್ಮಿ. ಬಳಸಿದರೂ ರೌ.

ಸರಸ್ವತೀಪುರಂ ಸುಮಾ: ಬಳಸೋದೇ ಕಮ್ಮಿ ಅಂತೀರಿ. ಮತ್ತೆ ಹೇಗಂತಾರೆ ಅಂತ ನೀವು ಎಲ್ಲಿ ಕೇಳಿದಿರಿ?

ಹಳೇ ಸಬ್‌ಎಡಿಟರ್: ಡಿಕ್ಷನರಿಯಲ್ಲಿ ಬರೆದಿರುತ್ತೆ ತಾಯಿ!! ಕಿವಿಯಲ್ಲಿ ಅಲ್ಲ, ಕಣ್ಣಲ್ಲಿ ಓದಬೇಕು!

ಸರಸ್ವತೀಪುರಂ ಸುಮಾ: ‘ತಾಯಿ’ ಅನ್ನೋದೆಲ್ಲ ಬೇಡ. ಮಾತು ನೆಟ್ಟಗಿರಲಿ.

ಕುವೆಂಪುನಗರದಮ್ಮ: ನಾಳೆ ಬೆಳಿಗ್ಗೆ ಪ್ರಬಂಧ ಕೊಡಬೇಕು. ಫ್ಯೂಡ್ ಹಾಕಬಹುದಾ?

ವಿವಿ ಮೊಹಲ್ಲಾ ವಕೀಲ: ಖಂಡಿತ ಬೇಡ. ಫ್ಯೂಡ್ ಅಂದರೆ ಎರಡು ಮನೆತನಗಳು ತಲೆಮಾರಿನಿಂದ ಹಗೆ ಸಾಧಿಸೋದು.

ಪಾಂಡವಪುರದ ಹೈದ: ತಲೆಮಾರು ಅಂದ್ರಲ್ಲ, ಮೈಸೂರು-ಮದ್ರಾಸಿನ 1892ರ ಒಪ್ಪಂದ, ಆಮೇಲೆ 1924ರದ್ದು. ಎಷ್ಟು ತಲೆಮಾರು ಆಯ್ತು ಲೆಕ್ಕ ಹಾಕಿ.

ವಿವಿ ಮೊಹಲ್ಲಾ ವಕೀಲ: ನೀವೇ ‘ಒಪ್ಪಂದ’ ಅಂತಿದ್ದೀರಿ. ಒಪ್ಪಂದ ಮಾಡಿಕೊಂಡವರದ್ದು ಫ್ಯೂಡ್ ಹೇಗಾಗುತ್ತೆ? 2018ರ ಫೆಬ್ರವರಿ 16ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ನಮ್ಮ ಪಾಲು 270ರಿಂದ 284.75 ಟಿಎಂಸಿಗೆ ಏರಿತು. ಇದು ಡಿಸ್ಪ್ಯೂಟ್ ನಡೆಯುವ ರೀತಿ.

ಪಾಂಡವಪುರದ ಹೈದ: ಏರಿತಂತೆ! ಏರಿದ್ದರಲ್ಲಿ 4.75 ಬೆಂಗಳೂರಿನವರು ಕುಡಿಯೋಕೆ. ವಿ.ಸಿ. ನಾಲೆ ಕೊನೆಭಾಗಕ್ಕೆ ಬನ್ನಿ. ತೂಬಿನ ಬಾಯಲ್ಲಿ ಒಣಗಿದ ಕೆಸರು ಹಪ್ಪಳದ ಹಾಗೆ ಎದ್ದಿರುತ್ತೆ.

ಮದ್ದೂರು ಮೇಷ್ಟ್ರು: ವಕೀಲರೇ, ಅದೇ 1956ರ ಕಾಯ್ದೆಯ 2ನೇ ಸೆಕ್ಷನ್ ಯಾಕೆ ಬಿಟ್ಟಿರಿ? ‘ಡಿಸ್ಪ್ಯೂಟ್ ಆರ್ ಡಿಫರೆನ್ಸ್’ ಅಂತಿದೆ ಅಲ್ಲಿ. ಕಾಯ್ದೆಯೇ ಇನ್ನೊಂದು ಪದ ಹಾಕಿದೆ. ಅಮ್ಮ, ಸರ್ಕಾರಗಳು ಸಭೆಯಲ್ಲಿ ಒಪ್ಪದೆ ಎದ್ದು ಬಂದ ಕಡೆ ಡಿಸ್‌ಅಗ್ರಿಮೆಂಟ್ ಬರೆಸಿ. ಕಾಫಿ ಕುಡಿಯುತ್ತಲೇ ಅದು ಇರಬಹುದು. ಬೀದಿಗೆ ಬಂದ ಕಡೆ ಕಾನ್‌ಫ್ಲಿಕ್ಟ್. ಟ್ರಿಬ್ಯುನಲ್, ಕೋರ್ಟಿನ ಕಡೆ ಡಿಸ್ಪ್ಯೂಟ್ ಹಾಗೇ ಇರಲಿ.

ವಿವಿ ಮೊಹಲ್ಲಾ ವಕೀಲ: ಕಾಫಿ ಕುಡಿಯುತ್ತಾ ನೀರು ಹಂಚಿದ್ದು ಯಾವಾಗ ಮೇಷ್ಟ್ರೇ? ‘ಆರ್ ಡಿಫರೆನ್ಸ್’ ಡಿಸ್ಪ್ಯೂಟ್ ಪಕ್ಕದಲ್ಲಿ ಇದೆ, ಅದರ ಜಾಗದಲ್ಲಿ ಅಲ್ಲ.

ಮದ್ದೂರು ಮೇಷ್ಟ್ರು: ಸೆಕ್ಷನ್ ನಿಮಗೆ ಮೊದಲೇ ಗೊತ್ತಿತ್ತು ಹಾಗಾದ್ರೆ.

ಕುವೆಂಪುನಗರದಮ್ಮ: ಮೇಷ್ಟ್ರು ಹೇಳಿದ ಹಾಗೇ ತಿದ್ದಿದಳು. ಇನ್ನು ಸಾಕು, ಎಲ್ಲರಿಗೂ ಥ್ಯಾಂಕ್ಸ್.

ಸರಸ್ವತೀಪುರಂ ಸುಮಾ: ಸಾಕು ಅಂದರೆ ಹೇಗೆ? ರೋ ವಿಷಯ ಇನ್ನೂ ಮುಗಿದಿಲ್ಲ.

ಪಾಂಡವಪುರದ ಹೈದ: ಇವತ್ತು ರಾತ್ರಿ ಇಂಗ್ಲಿಷ್ ವಾರ್ತೆ ರೆಕಾರ್ಡ್ ಮಾಡಿ ಇಲ್ಲೇ ಹಾಕ್ತೀನಿ. ‘ರೋ’ ಅಂತಲೇ ಓದ್ತಾರೆ, ನೋಡ್ತಿರಿ.

ಹಳೇ ಸಬ್‌ಎಡಿಟರ್: ಹಾಕಿ. ಓದಿದವರಿಗೂ ನಾನೇ ಹೇಳ್ತೀನಿ.