ಕೆಲ್ಸ ಬಿಟ್ಟು ತೋಟಕ್ಕೆ ವಾಪಸ್ ಬಂದವ್ರು ನಿಜ ಹೇಳಿ, ಯಾಕೆ ಬಂದ್ರಿ?

ಸಂತೆ_ಹುಡ್ಗಿ:
ನಮಸ್ಕಾರ ಎಲ್ರಿಗೂ. ನಮ್ದು ಕೊಡಗಿನ ಶನಿವಾರಸಂತೆ ಹತ್ರ, ನಾಲ್ಕೂವರೆ ಎಕ್ರೆ ಕಾಫಿ, ಮಧ್ಯ ಮಧ್ಯ ಮೆಣಸು. ನಾನು ಬೆಂಗಳೂರಲ್ಲಿ ಆರು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಿದೀನಿ. ಅಪ್ಪಂಗೆ ಮಂಡಿನೋವು, ಈ ಸಲ ಕುಯ್ಲು ಅರ್ಧ ಮರದಲ್ಲೇ ಒಣಗಿಹೋಯ್ತು. ಯೂಟ್ಯೂಬ್ ತೆಗೆದ್ರೆ ಬರೀ ಲಕ್ಷ ಸಂಬಳ ಬಿಟ್ಟು ಕೃಷಿಗೆ ಬಂದ ಯುವಕ ಅಂತ ವಿಡಿಯೋ, ಎಲ್ರದ್ದೂ ಒಂದೇ ಮಾತು, ಮಣ್ಣಿನ ವಾಸನೆ ಕರೀತಂತೆ. ನಂಗೆ ಯಾವ ವಾಸನೆನೂ ಕರೀತಿಲ್ಲಪ್ಪ, ಆದ್ರೂ ಬರ್ಬೇಕು ಅನ್ಸ್ತಿದೆ, ಬರೀ ಚೆರಿ (ಒಣಗಿಸಿದ ಕಾಫಿ ಹಣ್ಣು) ಮಾರೋಕಲ್ಲ, ಏನಾದ್ರೂ ಸ್ವಂತದ್ದು ಮಾಡೋಕೆ. ನಿಮ್ಮನ್ನ ನಿಜವಾಗ್ಲೂ ಎಳ್ಕೊಂಡು ಬಂದಿದ್ದೇನು?

ಕಣದ_ಕಾವಲು:
ನಾನು ವಿರಾಜಪೇಟೆ ಕಡೆಯವ್ನು. ನಂದು ಸಿಟ್ಟು, ಬೇರೇನಿಲ್ಲ. ಚಿಕ್ಕೋನಿದ್ದಾಗಿಂದ ಅಪ್ಪನ ಜೊತೆ ಜೀಪಲ್ಲಿ ಮೂಟೆ ಹೇರ್ಕೊಂಡು ಹೋಗ್ತಿದ್ದೆ, ವ್ಯಾಪಾರಿ ಒಂದ್ ಹಿಡಿ ಸ್ಯಾಂಪಲ್ ತಗೊಂಡು ಸಿಪ್ಪೆ ಬಿಡಿಸಿ ತೂಗಿ ಓಟಿ 26 ಅಂತಿದ್ದ, ಅದೇ ಮೂಟೆ ಪಕ್ಕದ ಅಂಗಡಿಗೆ ಒಯ್ದ್ರೆ ಇಪ್ಪತ್ತೇಳೂವರೆ. ಗೊತ್ತಿಲ್ದೋರಿಗೆ, ಓಟಿ ಅಂದ್ರೆ 50 ಕೆಜಿ ಚೆರಿಲಿ ಎಷ್ಟು ಕೆಜಿ ಬೀಜ ಸಿಗುತ್ತೆ ಅಂತ, ರೇಟು ಕಟ್ಟೋದೇ ಅದ್ರ ಮೇಲೆ. ನಮ್ ಬೆಳೆಗೆ ಬೆಲೆ ಹೇಳೋದು ಯಾವಾಗ್ಲೂ ಇನ್ಯಾರೋ, ಅದು ತಲೇಲಿ ಕೂತ್ಬಿಟ್ಟಿತ್ತು. 26 ಕೆಜಿ ಬೀಜ ಹುರಿದ್ರೆ ತೂಕ ಇಳಿದು 21-22 ಕೆಜಿ ಪುಡಿ ಆಗುತ್ತೆ. ಆ ಪುಡಿಗೆ ಅಂಗಡಿ ರೇಟ್ ಹಾಕಿ ನೋಡಿ, ನಿಮ್ಗೇ ಅರ್ಥ ಆಗುತ್ತೆ.

ಸಾಲದ ಕಥೆ ಮಾತ್ರ ಕೇಳ್ಬೇಡಿ. ಕೇಂದ್ರದ ಪಿಎಂಎಫ್‌ಎಂಇ ಸ್ಕೀಮಲ್ಲಿ ಸಣ್ಣ ಆಹಾರ ಘಟಕಕ್ಕೆ ಆಗ 35 ಪರ್ಸೆಂಟ್ ಸಬ್ಸಿಡಿ ಇತ್ತು, ಜಾಸ್ತಿ ಅಂದ್ರೆ 10 ಲಕ್ಷ, ಆದ್ರೆ ಮೊದ್ಲು ಬ್ಯಾಂಕ್ ಸಾಲ ಆಗ್ಬೇಕಿತ್ತಲ್ಲ. ನಮ್ದು ಜಮ್ಮ ಜಾಗ, ಅಂದ್ರೆ ತಲೆತಲಾಂತರದಿಂದ ಇಡೀ ಕುಟುಂಬಕ್ಕೆ ಸೇರಿದ್ದು, ಪಹಣೀಲಿ ಕುಟುಂಬದ ಪಟ್ಟೆದಾರರ ಹೆಸ್ರು, ಬ್ಯಾಂಕ್ ಮ್ಯಾನೇಜರ್ ಎಲ್ರ ಸಹಿ ತನ್ನಿ ಅಂದ್ರು. ಎಲ್ರೂ ಅಂದ್ರೆ ಹನ್ನೊಂದು ಜನ, ಒಬ್ರು ಕೆನಡಾದಲ್ಲಿ, ಇಬ್ರು ಒಬ್ರಿಗೊಬ್ರು ಮಾತೇ ಆಡಲ್ಲ. ಎಂಟು ತಿಂಗ್ಳು ಅಲೆದು ಕೊನೆಗೆ ಉಳಿಸಿದ್ದ ದುಡ್ಡಲ್ಲೇ ಐದು ಕೆಜಿ ರೋಸ್ಟರ್ ತಂದೆ. ಮೊದಲ್ನೇ ಬ್ಯಾಚ್ ಕರಕಲು, ಕಾಫಿಗೆ ಬೇಡ ಅನ್ನದ ನಮ್ಮಜ್ಜಿನೇ ಲೋಟ ಪಕ್ಕಕ್ಕಿಟ್ರು.

ಬಟರ್‌ಫ್ರೂಟ್_ಅಕ್ಕ:
ತಂಗಿ, ನಂದು ಹೇಳ್ತೀನಿ. ನಾನು ಸುಂಟಿಕೊಪ್ಪ ಕಡೆಗೆ ಮದ್ವೆಯಾಗಿ ಬಂದವ್ಳು. ಕಾಫಿ ದುಡ್ಡು ಬರೋದು ವರ್ಷಕ್ಕೊಂದ್ಸಲ, ಅದೂ ಮಾವನ ಖಾತೆಗೆ. ಮಗುಗೆ ಚಪ್ಪಲಿ ಬೇಕಂದ್ರೂ ಕೇಳ್ಬೇಕಿತ್ತು, ಕೊಡಲ್ಲ ಅಂತೇನಿಲ್ಲ, ಆದ್ರೆ ಕೇಳ್ಬೇಕಲ್ಲ. ನನ್ ಹೆಸ್ರಲ್ಲಿ ತಿಂಗ್ಳು ತಿಂಗ್ಳು ದುಡ್ಡು ಬರ್ಬೇಕು, ನನ್ ಆಸೆ ಅಷ್ಟೇ ಇದ್ದಿದ್ದು.

ನಮ್ ತೋಟದಲ್ಲಿ ಬಟರ್ ಫ್ರೂಟ್ ಮುಂಚೆ ಉದುರಿ ಹಂದಿ ಪಾಲಾಗ್ತಿತ್ತು, ಈಗ ಮರದ ಬುಡಕ್ಕೇ ವ್ಯಾಪಾರಿ ಬರ್ತಾನೆ, ಎಲ್ರಿಗೂ ಗಿಡ ಬೇಕು. ಚೆಟ್ಟಳ್ಳಿ ತೋಟಗಾರಿಕೆ ಕೇಂದ್ರದವ್ರು ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಅಂತ ತಳಿ ಬಿಟ್ಟಿದಾರೆ. ನಾನು ಕಸಿ ಕಟ್ಟೋದು ಕಲ್ತೆ. ಮೊದ್ಲು ಇನ್ನೂರು ಕಟ್ಟಿದ್ದು ಅರವತ್ತು ಹಿಡೀತು ಅಷ್ಟೆ, ಮಳೆಗಾಲದಲ್ಲಿ ಕಟ್ಟಿದ ಜಾಗಕ್ಕೆ ನೀರು ಸೇರಿ ಬೂಷ್ಟು. ಈಗ ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿ ಶೆಡ್ಡೊಳಗೇ ಇಡ್ತೀನಿ. ಹಾಗಂತ ದೊಡ್ಡ ಬಿಸಿನೆಸ್ಸೇನಲ್ಲ.

ಹಳೇ_ಬೆಳೆಗಾರ:
ರೇಟ್ ನೋಡ್ಕೊಂಡು ಬರೋದಾದ್ರೆ ಬರ್ಬೇಡಮ್ಮ. 2024ರಲ್ಲಿ ರೊಬಸ್ಟಾ ಕಾಫಿ ಚೆರಿ 50 ಕೆಜಿ ಮೂಟೆ ಹತ್ತು ಸಾವಿರ ಮುಟ್ತಲ್ಲ, ಆಗ ಫೋನ್ ಮಾಡಿದ ಹುಡುಗ್ರು ಎಷ್ಟು ಜನ, ಅಂಕಲ್ ನಾವೂ ಬರ್ತೀವಿ ಅಂತ. ಮೆಣಸು ಕೆಜಿಗೆ ಏಳ್ನೂರರ ಹತ್ರ ಇದ್ದಾಗ್ಲೂ ಹಿಂಗೇ, ತೋಟದ ಸಿಲ್ವರ್ ಓಕ್ ಮರಕ್ಕೆಲ್ಲ ಬಳ್ಳಿ ಹಬ್ಬಿಸಿದ್ರು, ಬಳ್ಳಿ ಫಸಲಿಗೆ ಬರೋ ಹೊತ್ತಿಗೆ ರೇಟ್ ಅರ್ಧಕ್ಕಿಂತ ಕೆಳಗೆ. 2018ರ ಆಗಸ್ಟ್ ಮಳೆಲಿ ಮಕ್ಕಂದೂರು ಕಡೆ ತೋಟಕ್ಕೆ ತೋಟನೇ ಜಾರಿಹೋಯ್ತು, ಅದು ಯಾವ ವಿಡಿಯೋಲೂ ಬರಲ್ಲ. ಆನೆ ವಿಷ್ಯ ಸಿದ್ದಾಪುರದವ್ರನ್ನ ಕೇಳು. ನನ್ ಮಗ ಬರಲ್ಲ ಅಂದಿದಾನೆ, ನಾನೂ ಸರಿ ಅಂದಿದೀನಿ. ನಮ್ ಗದ್ದೆ ಪಾಳು ಬಿದ್ದು ಎಷ್ಟೋ ವರ್ಷ ಆಯ್ತು, ಹುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತೆಗಿಯೋಕೆ ಪಕ್ಕದವ್ರ ಗದ್ದೆಗೆ ಹೋಗ್ತೀವಿ.

ಕಣದ_ಕಾವಲು:
ಅಂಕಲ್ ಹೇಳೋದು ಸರಿನೇ. ಆದ್ರೆ ರೇಟ್ ಬಿದ್ದಾಗ್ಲೇ ಅಲ್ವಾ ಪುಡಿ ಮಾಡಿ ಮಾರೋನಿಗೆ ಉಸಿರು. ಅಕ್ಕ, ನಂಗೆ ಇಪ್ಪತ್ತು ಗಿಡ ಎತ್ತಿಟ್ಟಿರಿ.

ಸಂತೆ_ಹುಡ್ಗಿ:
ಎಲ್ರಿಗೂ ಥ್ಯಾಂಕ್ಸ್. ಸಿಟ್ಟು, ಮಗು ಚಪ್ಪಲಿ, ಎರಡೂ ನಂಗೆ ವಾಸನೆಗಿಂತ ಚೆನ್ನಾಗಿ ಅರ್ಥ ಆಯ್ತು. ಅಪ್ಪಂಗೆ ಫೋನ್ ಮಾಡಿ ಪಹಣಿ ಯಾರ ಹೆಸ್ರಲ್ಲಿದೆ ಅಂದೆ. ಇನ್ನೂ ತಾತನ ಹೆಸ್ರಲ್ಲೇ ಇದ್ಯಂತೆ. ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, ಯಾಕೆ, ಯಾರಾದ್ರೂ ಹುಡುಗನ ಮನೆಯವ್ರು ಕೇಳಿದ್ರಾ ಅಂದ್ರು.