ಸೀಸ ತಗ್ಗಿಸುವ ಸರ್ಕಾರಿ ಯೋಜನೆ: ರಕ್ತ ಪರೀಕ್ಷೆಯಿಂದಲೇ ಶುರು ಮಾಡಬೇಕಾ?

ಕರಡು_ಓದುಗ
ಪರಿಸರದಲ್ಲಿನ ಸೀಸ ತಗ್ಗಿಸುವ ಯೋಜನೆಯೊಂದರ ಕರಡಿನಲ್ಲಿ ಮೂರೇ ಅಂಶಗಳಿವೆ: ಮಕ್ಕಳ ರಕ್ತ ಪರೀಕ್ಷೆ, ಜನಜಾಗೃತಿ, ಸೀಸದ ನೀರಿನ ಪೈಪುಗಳ ಬದಲಾವಣೆ. ಇಷ್ಟು ಸಾಕಾ? ರಕ್ತದಲ್ಲಿ ಎಷ್ಟಿದ್ದರೆ ಕ್ರಮ ಕೈಗೊಳ್ಳಬೇಕು ಅಂತ ಬರೆಯೋದು? ಪೈಪಿನ ಕೆಲಸದಲ್ಲಿ ಎಲ್ಲಿ ಎಡವುತ್ತಾರೆ?

ರಕ್ತನಾಳ
ಸುರಕ್ಷಿತ ಮಟ್ಟ ಅನ್ನೋದು ಸೀಸಕ್ಕೆ ಇಲ್ಲವೇ ಇಲ್ಲ, ಹಾಗಾಗಿ ಆ ಪದವನ್ನು ಕರಡಿನಲ್ಲಿ ಎಲ್ಲೂ ಬಳಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಪ್ರಕಾರ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಮೂಲ ಹುಡುಕಿ ತೆಗೆಯಬೇಕು. ಅಮೆರಿಕದ 3.5 ಬೇರೆ ಥರದ ಸಂಖ್ಯೆ: ಅಲ್ಲಿನ 1ರಿಂದ 5 ವರ್ಷದ ಮಕ್ಕಳಲ್ಲಿ ಅತಿ ಹೆಚ್ಚು ಸೀಸವಿರುವ ಶೇ. 2.5 ಮಂದಿಯನ್ನು ಬೇರ್ಪಡಿಸುವ ಗೆರೆ ಅದು. ಎರಡನ್ನೂ ಕಲಸಿದರೆ ಗೊಂದಲ.

ಬೆರಳು ಚುಚ್ಚಿ ತೆಗೆದ ರಕ್ತಕ್ಕೆ ಚರ್ಮದ ಮೇಲಿನ ಧೂಳು ಸೇರಿ ಸುಳ್ಳು ಏರಿಕೆ ಕಾಣುತ್ತೆ. ಮೊದಲು ಸೋಪಿನಿಂದ ಕೈ ತೊಳೆಸಿ. ಹೆಚ್ಚು ಬಂದರೆ ರಕ್ತನಾಳದಿಂದ ತೆಗೆದು ಖಚಿತಪಡಿಸಿ. 45 ಮೈಕ್ರೋಗ್ರಾಂ ದಾಟಿದ ಮಕ್ಕಳಿಗೆ ಕೀಲೇಶನ್ (ಸೀಸವನ್ನು ಹಿಡಿದು ದೇಹದಿಂದ ಹೊರಹಾಕಿಸುವ ಔಷಧ) ಚಿಕಿತ್ಸೆ ಕೊಡುತ್ತಾರೆ, ಆದರೆ ಮಗು ಅದೇ ಧೂಳಿನ ಮನೆಗೆ ಮರಳಿದರೆ ಮತ್ತೆ ಏರುತ್ತೆ. ಮೂಳೆಯಲ್ಲಿ ಕೂತ ಸೀಸ ದಶಕಗಟ್ಟಲೆ ಇರೋದರಿಂದ, ಮೂಲ ತೆಗೆದ ಮರುತಿಂಗಳೇ ಇಳಿಕೆ ನಿರೀಕ್ಷಿಸಬೇಡಿ. ವರದಿ ಬಂದ ಮೇಲೆ ಮನೆಗೆ ಯಾರು, ಎಷ್ಟು ದಿನದೊಳಗೆ ಹೋಗಬೇಕು ಅನ್ನೋದು ಕರಡಿನಲ್ಲಿ ಇಲ್ಲದಿದ್ದರೆ ಪರೀಕ್ಷೆ ಬರೀ ಎಣಿಕೆ.

ನಲ್ಲಿ_ನೀರು
ಪೈಪಿನ ಬಗ್ಗೆ. ದೊಡ್ಡ ತಪ್ಪು ಅಂದ್ರೆ ಅರ್ಧ ಬದಲಾವಣೆ: ರಸ್ತೆಯವರೆಗಿನದ್ದು ಸರ್ಕಾರದ್ದು, ಒಳಗಿನದ್ದು ಮಾಲೀಕರದ್ದು ಅಂತ ಮಧ್ಯೆ ಕತ್ತರಿಸೋದು. ಕತ್ತರಿಸುವಾಗ ಒಳಗಿನ ಹಕ್ಕಳೆ ಕಳಚುತ್ತೆ, ಉಳಿದ ಸೀಸಕ್ಕೆ ತಾಮ್ರ ಜೋಡಿಸಿದರೆ ಸವೆತ ಜೋರಾಗುತ್ತೆ, ಎಷ್ಟೋ ವಾರ ನೀರಿನಲ್ಲಿ ಸೀಸ ಮೊದಲಿಗಿಂತ ಹೆಚ್ಚಿರುತ್ತೆ. ಬದಲಿಸಿದರೆ ಪೂರ್ತಿ ಬದಲಿಸಿ.

ಮಾದರಿ ತೆಗೆಯುವಾಗ ಕನಿಷ್ಠ 6 ಗಂಟೆ ನಲ್ಲಿ ಮುಟ್ಟಬಾರದು. ಮೊದಲ ಲೀಟರು ನಲ್ಲಿಯ ಮತ್ತು ಬೆಸುಗೆಗಳ ಸೀಸವನ್ನು ತೋರಿಸುತ್ತೆ. ರಸ್ತೆಯ ಕಡೆಯ ಪೈಪಿನದ್ದು ಗೊತ್ತಾಗಬೇಕಾದರೆ 5ನೇ ಲೀಟರನ್ನೂ ಹಿಡಿಯಿರಿ. ಮುಂಚೆ ನೀರು ಬಿಟ್ಟು, ತುದಿಯ ಜಾಲರಿ ಬಿಚ್ಚಿ ಹಿಡಿದರೆ ಫಲಿತಾಂಶ ಚಂದ ಬರುತ್ತೆ, ಸತ್ಯ ಬರಲ್ಲ.

ನೀರಿನ ಮೂಲ ಬದಲಿಸುವ ಮುನ್ನ ಸವೆತ ತಡೆಯುವ ಆರ್ಥೋಫಾಸ್ಫೇಟ್ ಬೇಕೇ ಅಂತ ಲೆಕ್ಕ ಹಾಕಿ. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನದಿ ನೀರಿಗೆ ಬದಲಾದಾಗ ಅದನ್ನು ಸೇರಿಸಿರಲಿಲ್ಲ, ಪೈಪಿನ ಸೀಸ ನೀರಿಗೆ ಬಂತು. ಇನ್ನೊಂದು: ಕುದಿಸಿದರೆ ಸೀಸ ಹೋಗಲ್ಲ, ನೀರು ಆವಿಯಾಗಿ ಸಾಂದ್ರವಾಗುತ್ತೆ. ಜಾಗೃತಿ ಪತ್ರದಲ್ಲಿ ಈ ಸಾಲು ಇರಲೇಬೇಕು.

ಬಣ್ಣ_ಬ್ಯಾಟರಿ
ಕರಡಿನಲ್ಲಿ ಬಣ್ಣವೂ ಇಲ್ಲ, ಬ್ಯಾಟರಿಯೂ ಇಲ್ಲ! ಜಗತ್ತಿನಲ್ಲಿ ಬಳಕೆಯಾಗುವ ಸೀಸದ ಮುಕ್ಕಾಲು ಪಾಲಿಗಿಂತ ಹೆಚ್ಚು ಬ್ಯಾಟರಿಗೇ ಹೋಗುತ್ತೆ. ಹಳೆಯ ಬ್ಯಾಟರಿ ಒಡೆದು ಬಯಲಲ್ಲಿ ಕರಗಿಸುವ ಜಾಗಗಳ ಪಟ್ಟಿ ಮೊದಲು ಬೇಕು. ಕುಲುಮೆ ಮುಚ್ಚಿಸಿದರೆ ಮುಗಿಯಲಿಲ್ಲ, ಮಣ್ಣಿನ ಸೀಸ ಅಲ್ಲೇ ಇರುತ್ತೆ; ಮೇಲ್ಮಣ್ಣು ತೆಗೆಯಬೇಕು ಇಲ್ಲವೇ ಶುದ್ಧ ಮಣ್ಣು ಹೊದಿಸಬೇಕು.

ಬಣ್ಣದಲ್ಲಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ಇಡಿ. ತಯಾರಕರು ಕಳಿಸಿದ ಮಾದರಿ ನಂಬಬೇಡಿ, ಅಂಗಡಿಯಿಂದಲೇ ಡಬ್ಬಿ ಕೊಂಡು ಪರೀಕ್ಷಿಸಿ. ಹಳದಿ, ಕಿತ್ತಳೆ, ಕೆಂಪು ಎನಾಮಲ್‌ಗಳಲ್ಲೇ ಸಾಮಾನ್ಯವಾಗಿ ಹೆಚ್ಚು ಸಿಗೋದು, ಬರೀ ಬಿಳಿ ನೋಡಿ ಬಿಡಬೇಡಿ. ಹಳೆಯ ಗೋಡೆಯನ್ನು ಒಣಗಿದ ಹಾಗೇ ಉಜ್ಜಿಸಬಾರದು. ನೆನೆಸಿ ಕೆರೆದು, ಕೆಳಗೆ ಪ್ಲಾಸ್ಟಿಕ್ ಹಾಸಿ, ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮಿನಿಂದ ಎತ್ತಬೇಕು.

ಕರಡು_ಓದುಗ
ಇಷ್ಟೆಲ್ಲಕ್ಕೂ ಸಿಬ್ಬಂದಿ ಸಾಲದಿದ್ದರೆ?

ಬಣ್ಣ_ಬ್ಯಾಟರಿ
ಹಾಗಾದರೆ ಮೂಲ ಹುಡುಕಲು ಸಣ್ಣ ಸಮೀಕ್ಷೆ: ಸೀಸ ಹೆಚ್ಚಿರುವ ಕೆಲವು ಮಕ್ಕಳ ಮನೆಗಳಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರದಿಂದ (ಎಕ್ಸ್-ರೇ ಬಿಟ್ಟು ಸೀಸ ಎಷ್ಟಿದೆ ಅಂತ ಅಳೆಯುವಂಥದ್ದು) ಬಣ್ಣ, ಮಣ್ಣು, ಪಾತ್ರೆ, ಮಸಾಲೆ ನೋಡಿ. ನೀರಿಗೆ ಆ ಯಂತ್ರ ಸಾಲದು, ಪ್ರಯೋಗಾಲಯಕ್ಕೇ ಕಳಿಸಿ. ಬಾಂಗ್ಲಾದೇಶದಲ್ಲಿ ಅರಿಶಿನಕ್ಕೆ ಲೆಡ್ ಕ್ರೋಮೇಟ್ ಎಂಬ ಸೀಸದ ಹಳದಿ ಪುಡಿ ಬೆರೆಸುತ್ತಿದ್ದುದು ಹೀಗೆ ಮೂಲ ಹುಡುಕಿದಾಗಲೇ ಸಿಕ್ಕಿದ್ದು. ಸಗಟು ಮಾರುಕಟ್ಟೆಯಲ್ಲಿ ತಪಾಸಣೆ, ದಂಡ ಶುರುವಾದ ಮೇಲೆ ಕಲಬೆರಕೆ ಮಾದರಿಗಳು 2019ರ ಶೇ. 47ರಿಂದ 2021ರಲ್ಲಿ ಸೊನ್ನೆಗೆ ಇಳಿದವು.